ಮೊಳೆಯಿಲ್ಲದ ಚಪ್ಪಲಿ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಚಪ್ಪಲಿ ಕೊಳ್ಳುವವರು ಮೊದಲು ನೋಡುವುದು ಅಟ್ಟೆಯನ್ನು. ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ಚಪ್ಪಲಿಯನ್ನು ತೂರಿಕೊಂಡು ಪಾದಕ್ಕೇ ಬರುತ್ತದೆ. ಹೊಲಕ್ಕೆ ಹೋಗುವವರು, ಕುರಿ ಹಿಂದೆ ಅಲೆಯುವವರು ಟೈರಿನ ಅಟ್ಟೆ ಹಾಕಿಸಿ, ಸುತ್ತ ಮೊಳೆ ಬಡಿಸಿಕೊಂಡು ವರ್ಷಗಟ್ಟಲೆ ಸವೆಸುತ್ತಾರೆ. ಇದೇ ಸೀಮೆಯಲ್ಲಿ ಒಂದು ಮೊಳೆಯೂ ಇಲ್ಲದ ಚಪ್ಪಲಿ ತೊಟ್ಟು ಓಡಾಡುವವರೂ ಇದ್ದಾರೆ. ನಾನು ಹುಡುಕಿಕೊಂಡು ಬಂದದ್ದು ಆ ಚಪ್ಪಲಿಯನ್ನು.

ಆಸ್ಪತ್ರೆಯ ಕಾಗದದಲ್ಲಿ ಅದರ ಹೆಸರು ಎಂಸಿಆರ್ ಪಾದರಕ್ಷೆ. ಮೈಕ್ರೋಸೆಲ್ಯುಲಾರ್ ರಬ್ಬರಿನ ಮೇಲ್ಪದರವನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಗಿಳಿಯುತ್ತದೆ, ಬಿಟ್ಟರೆ ನಿಧಾನಕ್ಕೆ ಮೇಲೇಳುತ್ತದೆ. ಕೆಳಗೆ ಮುಳ್ಳು ತೂರದಷ್ಟು ಗಟ್ಟಿ ಅಟ್ಟೆ. ಕಾಲು ಜಾರದಂತೆ ಹಿಮ್ಮಡಿಗೊಂದು ಪಟ್ಟಿ. ಜೋಡಣೆಯೆಲ್ಲ ಅಂಟು ಮತ್ತು ಹೊಲಿಗೆಯಲ್ಲೇ. ಕುಷ್ಠರೋಗದಿಂದ ನರ ಸೋತು ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಇದನ್ನು ವರ್ಷಕ್ಕೆ ಎರಡು ಜೊತೆಯಂತೆ ಉಚಿತವಾಗಿ ಕೊಡಬೇಕೆಂಬುದು ನಿಯಮ.

ಪಟ್ಟಿ ಕಿತ್ತುಹೋದ ಇಂಥದ್ದೊಂದು ಚಪ್ಪಲಿಯನ್ನು ಹಿಡಿದು ಹಿರಿಯರೊಬ್ಬರು ಚಳ್ಳಕೆರೆಯ ರಸ್ತೆ ಬದಿಯ ಚಮ್ಮಾರರ ಮುಂದೆ ಕೂತಿದ್ದರು. ಚಮ್ಮಾರರು ಅಭ್ಯಾಸಬಲದಿಂದ ಮೊಳೆ ಡಬ್ಬಿಗೆ ಕೈ ಹಾಕಿದರು.

‘ಮೊಳೆ ಬ್ಯಾಡಪ್ಪ, ದಾರ ಹಾಕು.’

‘ದಾರ ತಡೆಯಲ್ಲ ಯಜಮಾನ್ರೇ.’

‘ತಡೆಯೋದು ಬ್ಯಾಡ. ಮೊಳೆ ಎದ್ದು ಚುಚ್ಚಿದ್ರೆ ನಂಗೆ ಗೊತ್ತಾಗಲ್ಲ.’

ಚಮ್ಮಾರರು ತಲೆಯೆತ್ತಿ ಒಮ್ಮೆ ನೋಡಿದರು. ಮರುಮಾತಿಲ್ಲದೆ ಮೇಣ ಹಚ್ಚಿದ ದಾರ ತೆಗೆದು ಎರಡು ಸುತ್ತು ಹೊಲಿದರು. ಹೊಲಿದ ಮೇಲೆ ಗಂಟು ಒಳಗೆ ಎಲ್ಲಾದರೂ ತಾಗುತ್ತದೆಯೋ ಎಂದು ತಾವೇ ಬೆರಳಾಡಿಸಿ ನೋಡಿದರು. ರೋಗಿಯನ್ನು ಗೌರವದಿಂದ ಕಾಣುವುದರ ಕುರಿತು ಎಷ್ಟೋ ಭಾಷಣ ಕೇಳಿದ್ದೇನೆ. ಆ ಬೆರಳು ಮಾಡಿದ ಕೆಲಸ ಅವುಗಳಲ್ಲಿ ಇರಲಿಲ್ಲ.

ಕುಷ್ಠದಲ್ಲಿ ಬೆರಳು ಉದುರುವುದು ರೋಗವೇ ಮಾಂಸ ತಿನ್ನುವುದರಿಂದ ಎಂದು ಜನ ತಲೆಮಾರುಗಟ್ಟಲೆ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಕೈಕಾಲಿಗೆ ದಿನವೂ ಆಗುವ ಗಾಯ, ಸುಟ್ಟ ಬೊಬ್ಬೆ, ಒತ್ತಡಗಳೇ ಕಾರಣ ಎಂದು ತೋರಿಸಿದವರಲ್ಲಿ ಪ್ರಮುಖರು ಡಾ. ಪಾಲ್ ಬ್ರ್ಯಾಂಡ್. ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲಿ 1914ರಲ್ಲಿ ಹುಟ್ಟಿ, 1946ರಲ್ಲಿ ವೆಲ್ಲೂರಿನ ಸಿಎಂಸಿ ಆಸ್ಪತ್ರೆ ಸೇರಿದ ಈ ಶಸ್ತ್ರವೈದ್ಯರು ಬೆರಳು ಮುದುಡಿದ ಕೈಗಳನ್ನು ಸರಿಪಡಿಸುವುದರ ಜೊತೆಗೆ ಚಪ್ಪಲಿಯ ಮೇಲೂ ವರ್ಷಗಳ ಕಾಲ ಪ್ರಯೋಗ ನಡೆಸಿದರು.

ನಮ್ಮ ಕಡೆಯ ಕುಷ್ಠ ಚಿಕಿತ್ಸೆಯ ಚರಿತ್ರೆಯನ್ನು ನನಗೆ ಹೇಳಿದವರು ನಿವೃತ್ತ ಆರೋಗ್ಯ ಕಾರ್ಯಕರ್ತರೊಬ್ಬರು. ಡ್ಯಾಪ್ಸೋನ್ ಮಾತ್ರೆಯೊಂದೇ ಗತಿಯಾಗಿದ್ದ ಕಾಲಕ್ಕೆ ಸೈಕಲ್ಲಿನಲ್ಲಿ ಹಟ್ಟಿ ಹಟ್ಟಿ ತಿರುಗಿದವರು. ಊರೊಳಗೆ ಸೈಕಲ್ ನಿಲ್ಲಿಸಿದರೆ ಯಾರ ಮನೆಗೆ ಬಂದರೆಂದು ಸುದ್ದಿಯಾಗುತ್ತದೆ, ಅದಕ್ಕೇ ಊರ ಹೊರಗಿನ ಮರದಡಿ ಕಾಯುತ್ತಿದ್ದರಂತೆ. ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗಬೇಕಿತ್ತು. 1983ರಲ್ಲಿ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮ ಬಂತು, ಅದರೊಂದಿಗೆ ಬಹು ಔಷಧಿಯ ಎಂಡಿಟಿ ಹರಡಿತು. ಈಗ ಮಚ್ಚೆ ಐದರೊಳಗಿದ್ದರೆ ಸಾಮಾನ್ಯವಾಗಿ ಆರು ತಿಂಗಳು, ಹೆಚ್ಚಿದ್ದರೆ ಹನ್ನೆರಡು ತಿಂಗಳು. ಸರ್ಕಾರಿ ಆಸ್ಪತ್ರೆಯಲ್ಲಿ ಪೂರ್ತಿ ಉಚಿತ. ಅದರಲ್ಲಿರುವ ಕ್ಲೊಫಾಜಿಮಿನ್ ಮೈಬಣ್ಣವನ್ನು ಕೆಂಪುಗಪ್ಪು ಮಾಡುತ್ತದೆ, ಕೋರ್ಸು ಮುಗಿದು ಕೆಲವು ತಿಂಗಳಿಗೆ ಆ ಬಣ್ಣ ಇಳಿಯುತ್ತದೆ. ಇದನ್ನು ಮೊದಲೇ ಕೂರಿಸಿಕೊಂಡು ಹೇಳದಿದ್ದರೆ, ‘ಯಾಕೆ ಹಿಂಗೆ ಕಪ್ಪಾದೆ’ ಎಂಬ ನೆಂಟರ ಒಂದು ಮಾತಿಗೆ ಮಾತ್ರೆ ನಿಂತುಹೋಗುತ್ತದೆ.

ಇನ್ನು ಪರೀಕ್ಷೆ. ‘ತಿಳಿ ಬಿಳಿ, ತಾಮ್ರ ಬಣ್ಣದ, ಸ್ಪರ್ಶಜ್ಞಾನವಿಲ್ಲದ ಮಚ್ಚೆ’ ಎಂಬ ಗೋಡೆ ಬರಹ ಎಲ್ಲರಿಗೂ ಗೊತ್ತು. ಅದನ್ನು ನೋಡುವ ಕ್ರಮ ಬಲು ಸರಳ. ಮೊದಲು ಕಣ್ಣು ತೆರೆದಿರುವಾಗ ಸರಿಯಿರುವ ಚರ್ಮಕ್ಕೆ ಬಾಲ್‌ಪೆನ್ನಿನ ತುದಿ ಮೆಲ್ಲಗೆ ತಾಗಿಸಿ ತೋರಿಸುತ್ತಾರೆ. ಆಮೇಲೆ ಕಣ್ಣು ಮುಚ್ಚಿಸಿ ಮಚ್ಚೆಯ ಮೇಲೆ, ಪಕ್ಕದಲ್ಲಿ. ತಾಗಿದ ಜಾಗವನ್ನು ರೋಗಿ ಬೆರಳಿಟ್ಟು ತೋರಿಸಬೇಕು. ಐದು ನಿಮಿಷವೂ ಹಿಡಿಯದ ಈ ಕೆಲಸ ಬಾಗಿಲು ಹಾಕಿದ ಕೋಣೆಯಲ್ಲಿ ನಡೆಯಬೇಕು. ಹೆಂಗಸರಾದರೆ ಆಶಾ ಕಾರ್ಯಕರ್ತೆ ಜೊತೆಗಿರಬೇಕು. ಸಾಲಿನಲ್ಲಿ ನಿಂತವರ ಎದುರೇ ಅಂಗಿ ಎತ್ತಿಸಿದರೆ ಆ ಮನುಷ್ಯ ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಮೊಳಕಾಲ್ಮೂರಿನ ರೇಷ್ಮೆ ನೇಕಾರನಿಗಂತೂ ತಡ ಬಹಳ ದುಬಾರಿ. ಬೆರಳಿಗೆ ಎಳೆ ತಿಳಿಯದಿದ್ದರೆ ಕುಣಿಮಗ್ಗದಲ್ಲಿ ಕೂರುವುದು ಹೇಗೆ?

ಇದೇ ಪೆನ್ನಿನ ತುದಿ ಬೇರೆ ಕೆಲವರ ಭಯವನ್ನೂ ಬಿಡಿಸುತ್ತದೆ. ಮಚ್ಚೆ ಹಾಲುಬಿಳುಪಾಗಿದ್ದು ಸ್ಪರ್ಶ ಸರಿಯಿದ್ದರೆ ಬಹುಮಟ್ಟಿಗೆ ಅದು ತೊನ್ನು. ಅಂಟುರೋಗವಲ್ಲ, ಬಣ್ಣ ತಯಾರಿಸುವ ಜೀವಕೋಶಗಳ ಮೇಲೆ ದೇಹದ ರಕ್ಷಣಾ ವ್ಯವಸ್ಥೆಯೇ ತಿರುಗಿಬೀಳುವುದು. ಆದರೂ ಹೆಣ್ಣು ನೋಡಲು ಬಂದವರು ಎದ್ದು ಹೋಗುತ್ತಾರೆ. ತೊನ್ನಿಗೆ ಮದ್ದೆಂದು ಬಾವಂಚಿ ಎಣ್ಣೆ ಹಚ್ಚಿಕೊಂಡು ಈ ಬಯಲುಸೀಮೆಯ ಮಧ್ಯಾಹ್ನದ ಬಿಸಿಲಿಗೆ ಕೂತರೆ ಬೊಬ್ಬೆ ಏಳುತ್ತದೆ. ಅದರಲ್ಲಿರುವ ಸೋರಲೆನ್ ಚರ್ಮವನ್ನು ಬಿಸಿಲಿಗೆ ಅತಿ ಸೂಕ್ಷ್ಮವಾಗಿಸುತ್ತದೆ. ಬೆಳಕಿನ ಚಿಕಿತ್ಸೆಗೆ ವಾರಕ್ಕೆ ಎರಡು ಮೂರು ಸಲದಂತೆ ತಿಂಗಳುಗಟ್ಟಲೆ ದೊಡ್ಡ ಊರಿಗೆ ಹೋಗಬೇಕು. ಬಸ್ ಚಾರ್ಜಿಗಿಂತ ಕಳೆದುಹೋಗುವ ಕೂಲಿಯೇ ಹೆಚ್ಚು. ಬೆಳಕಿನ ಚಿಕಿತ್ಸೆಯ ಒಂದು ಯಂತ್ರವನ್ನು ತಾಲ್ಲೂಕು ಆಸ್ಪತ್ರೆಯಲ್ಲೇ ಇಡಲು ಸರ್ಕಾರಕ್ಕೆ ಸಾಧ್ಯವಿದೆ. ಇಡಬೇಕು.

ಕಾನೂನು ತಡವಾಗಿಯಾದರೂ ಬದಲಾಯಿತು. ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವಾಗಿಸಿದ್ದ ಕಲಮುಗಳು 2019ರಲ್ಲಿ ಹೋದವು. ಗುಣಮುಖರಾದವರನ್ನು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ತನ್ನ ಪಟ್ಟಿಗೆ ಸೇರಿಸಿದೆ. ತೊನ್ನಿನವರು ಆ ಪಟ್ಟಿಯಲ್ಲಿಲ್ಲ.

ಮತ್ತೆ ಚಪ್ಪಲಿಗೇ ಬರುತ್ತೇನೆ, ಏಕೆಂದರೆ ಅದರ ದೊಡ್ಡ ತೊಂದರೆ ಹೇಳಿಲ್ಲ. ಎಷ್ಟೋ ಕಾಲ ಅದು ಒಂದೇ ಆಕಾರ, ಒಂದೇ ಬಣ್ಣದಲ್ಲಿ ಬರುತ್ತಿತ್ತು. ದೂರದಿಂದಲೇ ‘ಆ ಕಾಯಿಲೆಯವರ ಚಪ್ಪಲಿ’ ಎಂದು ಜನ ಗುರುತಿಸುತ್ತಿದ್ದರು. ಗಾಯ ತಪ್ಪಿಸಲು ಕೊಟ್ಟದ್ದೇ ಹಣೆಪಟ್ಟಿಯಾಗಿ, ಹಲವರು ಅದನ್ನು ಅಟ್ಟಕ್ಕೆಸೆದು ಬರಿಗಾಲಲ್ಲಿ ನಡೆದರು. ಈಗೀಗ ಬೇರೆ ಬೇರೆ ಮಾದರಿಗಳು ಬರುತ್ತಿವೆ. ಹಿರಿಯರು ಹೊಲಿಸಿಕೊಂಡದ್ದು ಅಂಥದ್ದೇ, ಅಂಗಡಿಯಲ್ಲಿ ಕೊಂಡದ್ದೆಂದೇ ಯಾರಾದರೂ ತಿಳಿಯಬೇಕು.

ರಾತ್ರಿ ಅವರು ಕಾಲನ್ನು ಇಪ್ಪತ್ತು ನಿಮಿಷ ತಣ್ಣೀರಲ್ಲಿ ನೆನೆಸಿ, ಗಡುಸಾದ ಚರ್ಮ ಉಜ್ಜಿ, ಒದ್ದೆ ಆರುವ ಮುಂಚೆಯೇ ಶೇಂಗಾ ಎಣ್ಣೆ ಸವರುತ್ತಾರೆ. ಎಣ್ಣೆ ಗಿರಣಿಗಳ ಚಳ್ಳಕೆರೆಯಲ್ಲಿ ಅದಕ್ಕೇನೂ ಬರವಿಲ್ಲ. ಅವರಿಗಿರುವ ಕೊರಗು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ಜಾತ್ರೆಯದು. ಫಾಲ್ಗುಣದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಬರಿಗಾಲಿಟ್ಟರೆ ಬೊಬ್ಬೆ ಎದ್ದದ್ದು ಮನೆಗೆ ಬಂದ ಮೇಲೆಯೇ ಅವರಿಗೆ ತಿಳಿಯುವುದು. ಚಪ್ಪಲಿ ಬಿಡುವಂತಿಲ್ಲ, ಮೆಟ್ಟಿಕೊಂಡು ಗುಡಿಯೊಳಗೆ ಹೋಗುವಂತಿಲ್ಲ. ಬಾಗಿಲಲ್ಲಿ ಒಂದು ಜೊತೆ ದಪ್ಪ ಬಟ್ಟೆಯ ಕಾಲುಚೀಲ ಇಟ್ಟರೆ ಸಾಕಿತ್ತು, ತಿಪ್ಪೇರುದ್ರಸ್ವಾಮಿಗೆ ಅದರಿಂದ ಮೈಲಿಗೆಯೇನೂ ಆಗಲ್ಲ ಎಂದರು. ಅದನ್ನು ಯಾರ ಬಳಿ ಕೇಳಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.