ಏಟು ತಪ್ಪುವ ಲೆಕ್ಕ: ಸಂಭವನೀಯತೆಗೊಂದು ಆಟ

‘ಬ್ಯಾಟಲ್ ಫಾರ್ ವೆಸ್ನೋತ್’ ಉಚಿತ ಯುದ್ಧತಂತ್ರದ ಆಟ. ‘ಮಾಸ್ಟರ್ ಆಫ್ ಮಾನ್‌ಸ್ಟರ್ಸ್’, ‘ವಾರ್‌ಸಾಂಗ್’ ಎಂಬ ಹಳೆಯ ಆಟಗಳಿಂದ ಪ್ರೇರಿತರಾದ ಡೇವಿಡ್ ವೈಟ್ ಇದನ್ನು 2003ರಲ್ಲಿ ಹೊರತಂದರು. ಇಲ್ಲಿ ಸಾಮಾನ್ಯ ಏಟು ತಗಲುವ ಸಂಭವವನ್ನು ನಿರ್ಧರಿಸುವುದು ಏಟು ಎದುರಿಸುವವನು ನಿಂತ ನೆಲ. ಈಟಿಗಾರ ಕೋಟೆಯಲ್ಲಿದ್ದರೆ ಶೇ. 40, ಬಯಲಲ್ಲಿದ್ದರೆ ಶೇ. 60. ಎದುರಾಳಿಯ ಮೂರು ಏಟುಗಳೂ ತಪ್ಪುವ ಸಂಭವನೀಯತೆ ಕೋಟೆಯಲ್ಲಿ 0.6 × 0.6 × 0.6 = 0.216, ಬಯಲಲ್ಲಿ ಬರೀ 0.064.

‘ಎರಡು ತಪ್ಪಿತಲ್ಲ, ಮೂರನೆಯದು ತಗಲಲೇಬೇಕು’ ಎನ್ನುವ ಮಕ್ಕಳ ನಂಬಿಕೆ ಅಲುಗಾಡುವುದು ಇಲ್ಲಿಯೇ. ಕೋಟೆಯಲ್ಲಿ ಮೂರನೆಯ ಏಟಿಗೂ ಅದೇ ಶೇ. 40. ನಾಣ್ಯ ಚಿಮ್ಮುವಾಗ ಈ ಮಾತು ಅಷ್ಟಾಗಿ ನಾಟುವುದಿಲ್ಲ; ಅಲ್ಲಿ ಕಳೆದುಕೊಳ್ಳಲು ಈಟಿಗಾರನೇ ಇಲ್ಲವಲ್ಲ!

ದಾಳಿಗೆ ಮುನ್ನ ಆಟವೇ ಲೆಕ್ಕ ತೋರಿಸಬಲ್ಲದು. ಮಕ್ಕಳು ಹಾಳೆಯ ಮೇಲೆ ಬಿಡಿಸುವವರೆಗೆ ಅದನ್ನು ತೆರೆಯಬಾರದು. ಹಗಲು–ರಾತ್ರಿಯ ನಿಯಮ ಬದಲಿಸುವುದು ಏಟಿನ ಬಲವನ್ನು, ಸಂಭವವನ್ನಲ್ಲ. ಮೊದಲ ಪಾಠಕ್ಕೆ ಅದು ಬೇಡ.