ಪ್ರೊಸೆಸರಿನ ನಿಜವೇಗ: ಹಣ ಕೊಡುವ ಮುನ್ನ ಪರೀಕ್ಷಿಸುವ ಬಗೆ

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿಯೂ ಇಂದು ಬಿಡಿಭಾಗಗಳ ನಕ್ಷೆಯಿಂದ ಸಿ.ಎನ್.ಸಿ. ಯಂತ್ರದ ಪ್ರೋಗ್ರಾಂವರೆಗೆ ಬಹಳಷ್ಟು ಕೆಲಸ ಕಂಪ್ಯೂಟರಿನಲ್ಲಿಯೇ ನಡೆಯುತ್ತದೆ. ಇದಕ್ಕಾಗಿ ಎಸ್.ಪಿ. ರಸ್ತೆಯಲ್ಲಿ ಜೋಡಿಸಿದ ಅಥವಾ ಬಳಸಿ ಮಾರಿದ ಕಂಪ್ಯೂಟರುಗಳನ್ನು ಕೊಳ್ಳುವ ಉದ್ಯಮಿಗಳು ಅನೇಕರು. ಒಳಗಿರುವ ಪ್ರೊಸೆಸರ್ ಯಾವುದು, ಅದನ್ನು ಯಾವ ವೇಗಕ್ಕೆ ತಯಾರಿಸಲಾಗಿದೆ, ಈಗ ಯಾವ ವೇಗದಲ್ಲಿ ಓಡುತ್ತಿದೆ ಎಂಬುದನ್ನು ಹೊರಗೆ ಅಂಟಿಸಿದ ಚೀಟಿಯಿಂದ ನಿರ್ಧರಿಸಲಾಗದು, ತಂತ್ರಾಂಶದಿಂದ ತಿಳಿಯಬಹುದು.

ವೇಗದ ಲೆಕ್ಕ

ಮೂಲ ಗಡಿಯಾರದ ವೇಗವನ್ನು ಗುಣಕದಿಂದ ಗುಣಿಸಿದರೆ ಪ್ರೊಸೆಸರಿನ ವೇಗ ದೊರೆಯುತ್ತದೆ. 1998ರಲ್ಲಿ ಬಂದ ಇಂಟೆಲ್ ಸೆಲೆರಾನ್ 300ಎ ಪ್ರೊಸೆಸರಿನ ಮೂಲ ಗಡಿಯಾರ 66 ಮೆಗಾಹರ್ಟ್ಸ್, ಗುಣಕ 4.5, ವೇಗ ಸುಮಾರು 300. ಗಡಿಯಾರವನ್ನು 100ಕ್ಕೆ ಏರಿಸಿದವರಿಗೆ ಅದೇ ಪ್ರೊಸೆಸರ್ 450 ಮೆಗಾಹರ್ಟ್ಸ್ ನೀಡಿತು. ತಯಾರಕರ ಮಿತಿಯನ್ನು ಹೀಗೆ ಮೀರಿಸುವುದೇ ಓವರ್‌ಕ್ಲಾಕಿಂಗ್. ಈಗ ಮೂಲ ಗಡಿಯಾರ ಸಾಮಾನ್ಯವಾಗಿ 100, ಏರಿಸುವುದು ಗುಣಕವನ್ನು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ಕೆ' ಅಕ್ಷರವಿರುವ ಮಾದರಿಗಳು ಇದಕ್ಕೆ ಅನುವು ಮಾಡಿಕೊಡುತ್ತವೆ.

ಗುರುತಿಸುವ ವಿಧಾನ

ಪ್ರೊಸೆಸರ್ ತನ್ನ ಮಾದರಿಯ ಗುರುತನ್ನು ತನ್ನೊಳಗೇ ಇಟ್ಟುಕೊಂಡಿರುತ್ತದೆ. ಸಿಪಿಯು-ಜ಼ಡ್ ಎಂಬ ಉಚಿತ ತಂತ್ರಾಂಶ ಅದನ್ನು ಓದಿ 'ಸ್ಪೆಸಿಫಿಕೇಶನ್' ಸಾಲಿನಲ್ಲಿ ತೋರಿಸುತ್ತದೆ. ಓಡುತ್ತಿರುವ ವೇಗ 'ಕೋರ್ ಸ್ಪೀಡ್' ಸಾಲಿನಲ್ಲಿರುತ್ತದೆ. ಕೋರ್ ಐ5-6500 ಪ್ರೊಸೆಸರಿನ ಮೂಲ ವೇಗ 3.2 ಗಿಗಾಹರ್ಟ್ಸ್, ಟರ್ಬೊ ಮಿತಿ 3.6. ಕೆಲಸವಿಲ್ಲದಾಗ ವೇಗ ಇಳಿಯುವುದೂ, ಹೊರೆ ಬಿದ್ದಾಗ 3.6ರವರೆಗೆ ಏರುವುದೂ ಸಹಜ. ಆ ಮಿತಿಯನ್ನು ಮೀರಿ ನಿಂತರೆ ಓವರ್‌ಕ್ಲಾಕಿಂಗ್ ಆಗಿದೆಯೆಂದು ತಿಳಿಯತಕ್ಕದ್ದು. ಹೆಸರಿನಲ್ಲಿ ಮಾದರಿ ಸಂಖ್ಯೆಯ ಬದಲು '0000' ಕಂಡರೆ, ಅದು ಮಾರಾಟಕ್ಕಲ್ಲದ ಪರೀಕ್ಷಾ ಮಾದರಿಯಾಗಿರುವ ಸಂಭವವುಂಟು.

ಅಂಕಗಳಿಗಿಂತ ಸ್ಥಿರತೆ ಮುಖ್ಯ

ಇದೇ ತಂತ್ರಾಂಶದ 'ಬೆಂಚ್' ವಿಭಾಗ ಪ್ರೊಸೆಸರಿಗೆ ಅಂಕ ನೀಡುತ್ತದೆ. ಅದೇ ಮಾದರಿಯ ಅಂಕದೊಡನೆ ಹೋಲಿಸಿದರೆ ಕೊರತೆಯಾಗಲಿ ಅಸಹಜ ಹೆಚ್ಚಳವಾಗಲಿ ಗೋಚರಿಸುತ್ತದೆ. ಆದರೆ ಹೆಚ್ಚು ಅಂಕ ಗಳಿಸಿದ ಯಂತ್ರವೆಲ್ಲ ನಂಬಿಕೆಗೆ ಅರ್ಹವಲ್ಲ. ಪ್ರೈಮ್95 ತಂತ್ರಾಂಶ ಕಠಿಣ ಲೆಕ್ಕಗಳನ್ನು ಮಾಡಿಸಿ, ಉತ್ತರಗಳನ್ನು ತಾಳೆ ನೋಡುತ್ತದೆ. ಕನಿಷ್ಠ ಒಂದು ಗಂಟೆ ಓಡಿಸಿ. ಒಂದೇ ತಪ್ಪು ಬಂದರೂ ಯಂತ್ರವನ್ನು ಕೊಳ್ಳಬೇಡಿ. ಅಂತಹ ತಪ್ಪು ಸಿ.ಎನ್.ಸಿ. ಪ್ರೋಗ್ರಾಂನಲ್ಲಿ ನುಸುಳಿದರೆ ಲೋಹವೂ ಉಪಕರಣವೂ ಹಾಳಾದಾವು.

ಓವರ್‌ಕ್ಲಾಕಿಂಗ್‌ನಿಂದಾದ ಹಾನಿಗೆ ತಯಾರಕರ ಸಾಮಾನ್ಯ ವಾರಂಟಿ ಅನ್ವಯಿಸದು. ಅಧಿಕ ವೋಲ್ಟೇಜಿನ ಅಪಾಯಕ್ಕೆ ಇತ್ತೀಚಿನ ಉದಾಹರಣೆಯೂ ಇದೆ: 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರುಗಳ ಅಸ್ಥಿರತೆಗೆ ಅದೇ ಕಾರಣವೆಂದು 2024ರಲ್ಲಿ ಇಂಟೆಲ್ ಒಪ್ಪಿಕೊಂಡು, ಅವುಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು.

ಆದುದರಿಂದ ಅಂಗಡಿಯಲ್ಲಿಯೇ ಈ ಪರೀಕ್ಷೆಗಳನ್ನು ಮಾಡಿಸಿ, ಬಿಲ್ಲಿನಲ್ಲಿ ಪ್ರೊಸೆಸರಿನ ಪೂರ್ಣ ಮಾದರಿ ಸಂಖ್ಯೆಯನ್ನು ಬರೆಯಿಸಿಕೊಂಡ ನಂತರವೇ ಹಣ ಪಾವತಿಸುವುದು ವಿವೇಕದ ಮಾರ್ಗ.