ಸಂಸ್ಥೆಯನ್ನೂ ಕಟಕಟೆಗೆ ತರುವ ವಕೀಲರು

2024ರ ಆಗಸ್ಟ್ ತಿಂಗಳ ಆರಂಭದಲ್ಲಿ ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಯ ಬರ್ಗೂರು ಬಳಿಯ ಖಾಸಗಿ ಶಾಲೆಯೊಂದರಲ್ಲಿ ಎನ್‌ಸಿಸಿ ಹೆಸರಿನಲ್ಲಿ ಒಂದು ಶಿಬಿರ ನಡೆಯಿತು. ಆ ಶಾಲೆಯಲ್ಲಿ ಎನ್‌ಸಿಸಿ ಘಟಕವೇ ಇರಲಿಲ್ಲ. ಶಿಬಿರ ನಡೆಸಿದವನಿಗೂ ಎನ್‌ಸಿಸಿಗೂ ಸಂಬಂಧವಿರಲಿಲ್ಲ. ಹೆಣ್ಣುಮಕ್ಕಳನ್ನು ರಾತ್ರಿ ಶಾಲೆಯ ಸಭಾಂಗಣದಲ್ಲೇ ಮಲಗಿಸಿದ್ದರು. 13 ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆದಿದೆ, ಇನ್ನೂ ಹಲವು ಮಕ್ಕಳಿಗೆ ಕಿರುಕುಳವಾಗಿದೆ ಎಂಬ ದೂರು ಆಮೇಲೆ ಹೊರಬಿತ್ತು. ವಿಷಯ ತಿಳಿದೂ ಪೊಲೀಸರಿಗೆ ತಿಳಿಸಲಿಲ್ಲವೆಂದು ಶಾಲೆಯ ಪ್ರಾಂಶುಪಾಲರು ಮತ್ತು ಆಡಳಿತ ನೋಡಿಕೊಳ್ಳುವ ಕರೆಸ್ಪಾಂಡೆಂಟರೂ ಬಂಧನಕ್ಕೊಳಗಾದರು. ಇಲಿ ಪಾಷಾಣ ತಿಂದಿದ್ದ ಮುಖ್ಯ ಆರೋಪಿ ಆಗಸ್ಟ್ 23ರಂದು ಸೇಲಂನ ಆಸ್ಪತ್ರೆಯಲ್ಲಿ ಸತ್ತ.

ಸತ್ತವನ ಮೇಲೆ ವಿಚಾರಣೆ ನಡೆಯದು. ಹಾಗಾದರೆ ಆ ಮಕ್ಕಳಿಗೆ ಉತ್ತರ ಕೊಡಬೇಕಾದವರು ಯಾರು? ಯಾರನ್ನು ನಂಬಿ ತಾಯಿ ತಂದೆಯರು ಮಕ್ಕಳನ್ನು ರಾತ್ರಿ ಅಲ್ಲೇ ಬಿಟ್ಟು ಬಂದರು? ಶಿಬಿರದವನನ್ನಲ್ಲ, ಶಾಲೆಯನ್ನು. ಈ ಅಧ್ಯಾಯದ ವಿಷಯ ಅದೇ. ತಪ್ಪು ಮಾಡಿದ ವ್ಯಕ್ತಿಯ ಜೊತೆಗೆ, ಆ ತಪ್ಪಿಗೆ ಜಾಗ ಮಾಡಿಕೊಟ್ಟ ಸಂಸ್ಥೆಯನ್ನೂ ಹೊಣೆ ಮಾಡುವ ಕಾನೂನಿನ ದಾರಿ ಮತ್ತು ಆ ದಾರಿಯಲ್ಲಿ ಜೊತೆಗೆ ನಡೆಯುವ ವಕೀಲರ ಕೆಲಸ.

ಎರಡು ಮೊಕದ್ದಮೆ, ಎರಡು ಪ್ರಶ್ನೆ

ಕ್ರಿಮಿನಲ್ ಮೊಕದ್ದಮೆ ಸರ್ಕಾರದ್ದು. ಅಪರಾಧ ಮಾಡಿದವರು ಯಾರು, ಅವರಿಗೆ ಎಷ್ಟು ಶಿಕ್ಷೆ ಎಂಬುದು ಅಲ್ಲಿನ ಪ್ರಶ್ನೆ. ಸಂಶಯಕ್ಕೆ ಎಡೆಯಿಲ್ಲದಂತೆ ಅಪರಾಧ ಸಾಬೀತಾಗಬೇಕು. ಸಿವಿಲ್ ದಾವೆ ನೊಂದವರದ್ದೇ. ಆದ ಹಾನಿಗೆ ಹೊಣೆ ಯಾರು, ಅದನ್ನು ಎಷ್ಟರಮಟ್ಟಿಗೆ ತುಂಬಿಕೊಡಬೇಕು ಎಂಬುದು ಇಲ್ಲಿನ ಪ್ರಶ್ನೆ. ಎರಡೂ ಕಡೆಯ ಸಾಕ್ಷ್ಯ ತೂಗಿ, ಯಾವುದು ಹೆಚ್ಚು ಸಂಭವನೀಯವೋ ಅದನ್ನು ನ್ಯಾಯಾಲಯ ಒಪ್ಪುತ್ತದೆ. ಹಾಗಾಗಿ ಕ್ರಿಮಿನಲ್ ಕೋರ್ಟಿನಲ್ಲಿ ಆರೋಪಿ ಬಿಡುಗಡೆಯಾದರೂ ಸಿವಿಲ್ ಬಾಗಿಲು ತಾನಾಗಿ ಮುಚ್ಚಿಹೋಗುವುದಿಲ್ಲ.

ನೌಕರ ಮಾಡಿದ ಕೆಟ್ಟ ಕೆಲಸಕ್ಕೆ ಮಾಲೀಕ ಹೊಣೆಯೇ? ಹೊರದೇಶಗಳ ನ್ಯಾಯಾಲಯಗಳು ಬಹುಕಾಲ ಹಿಂದೆಮುಂದೆ ನೋಡಿದವು. ಅತ್ಯಾಚಾರ ಮಾಡು ಎಂದು ಯಾವ ಶಾಲೆಯೂ ಯಾರನ್ನೂ ನೇಮಿಸಿಕೊಳ್ಳುವುದಿಲ್ಲ ಎಂಬ ವಾದ ಗೆಲ್ಲುತ್ತಿತ್ತು. ಕೆನಡಾದ ಸುಪ್ರೀಂ ಕೋರ್ಟ್ 1999ರಲ್ಲಿ ಬೇಜ್ಲಿ ಪ್ರಕರಣದಲ್ಲಿ, ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 2001ರಲ್ಲಿ ಲಿಸ್ಟರ್ ಪ್ರಕರಣದಲ್ಲಿ ಆ ವಾದವನ್ನು ತಳ್ಳಿಹಾಕಿದವು. ಲಿಸ್ಟರ್ ಪ್ರಕರಣದಲ್ಲಿ ದೌರ್ಜನ್ಯ ಎಸಗಿದವನು ವಿದ್ಯಾರ್ಥಿ ನಿಲಯದ ವಾರ್ಡನ್. ಮಕ್ಕಳನ್ನು ನೋಡಿಕೊಳ್ಳುವ ಕೆಲಸವನ್ನೇ ಸಂಸ್ಥೆ ಅವನಿಗೆ ವಹಿಸಿತ್ತು. ಆ ಕೆಲಸಕ್ಕೆ ಅಷ್ಟು ಹತ್ತಿರ ಅಂಟಿಕೊಂಡ ಅಪರಾಧಕ್ಕೆ ಸಂಸ್ಥೆಯೂ ಬಾಧ್ಯ ಎಂಬುದು ತೀರ್ಪಿನ ಸಾರ. ಅಮೆರಿಕದ ಬಾಸ್ಟನ್ನಿನಲ್ಲಿ ಪಾದ್ರಿಗಳಿಂದ ದೌರ್ಜನ್ಯಕ್ಕೊಳಗಾದ 552 ಮಂದಿಗೆ ಅಲ್ಲಿನ ಆರ್ಚ್‌ಡಯಾಸಿಸ್ 2003ರಲ್ಲಿ ಎಂಟೂವರೆ ಕೋಟಿ ಡಾಲರ್ ಕೊಡಲು ಒಪ್ಪಿತು. ದಾವೆಗಳ ದೆಸೆಯಿಂದ ಹೊರಬಂದ ಚರ್ಚಿನ ಒಳಕಡತಗಳು ಹಣಕ್ಕಿಂತ ದೊಡ್ಡ ಫಲ. ದೂರು ಬಂದ ಪಾದ್ರಿಯನ್ನು ಪೊಲೀಸರಿಗೆ ಒಪ್ಪಿಸುವ ಬದಲು ಇನ್ನೊಂದು ಊರಿಗೆ ವರ್ಗ ಮಾಡಿದ್ದ ಕಾಗದಗಳು ಅವುಗಳಲ್ಲಿದ್ದವು.

ಭಾರತದಲ್ಲಿ ರಿಟ್ ಅರ್ಜಿಯ ದಾರಿ

ನಮ್ಮಲ್ಲಿ ಇಂಥ ಸಿವಿಲ್ ದಾವೆಗಳು ಬಹಳ ಕಡಿಮೆ. ಹೆಚ್ಚಿನ ಗೆಲುವು ಬಂದಿರುವುದು ಮೂಲಭೂತ ಹಕ್ಕಿಗಾಗಿ ನೇರವಾಗಿ ಹೈಕೋರ್ಟಿಗೆ ಹಾಕುವ ರಿಟ್ ಅರ್ಜಿಗಳ ಮೂಲಕ. 1998ರಲ್ಲಿ ಬಾಂಗ್ಲಾದೇಶದ ಮಹಿಳೆಯೊಬ್ಬರ ಮೇಲೆ ಹೌರಾ ನಿಲ್ದಾಣದ ರೈಲ್ವೆ ಯಾತ್ರಿ ನಿವಾಸದಲ್ಲಿ ಸಾಮೂಹಿಕ ಅತ್ಯಾಚಾರವಾಯಿತು. ಆರೋಪಿಗಳಲ್ಲಿ ರೈಲ್ವೆ ನೌಕರರೂ ಇದ್ದರು. ಕಲ್ಕತ್ತಾ ಹೈಕೋರ್ಟಿನ ವಕೀಲೆ ಚಂದ್ರಿಮಾ ದಾಸ್ ತಾವೇ ಅರ್ಜಿದಾರರಾಗಿ ರೈಲ್ವೆಯ ವಿರುದ್ಧ ನಿಂತರು. ನೊಂದ ಮಹಿಳೆ ನಮ್ಮ ದೇಶದವಳಲ್ಲ, ಬೇಕಿದ್ದರೆ ಸಿವಿಲ್ ಕೋರ್ಟಿಗೆ ಹೋಗಲಿ ಎಂದು ರೈಲ್ವೆ ವಾದಿಸಿತು. 2000ದ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ವಾದವನ್ನು ಒಪ್ಪದೆ, ಹತ್ತು ಲಕ್ಷ ರೂಪಾಯಿ ಪರಿಹಾರದ ಆದೇಶವನ್ನು ಎತ್ತಿಹಿಡಿಯಿತು. ಬದುಕುವ ಹಕ್ಕು ಈ ನೆಲದ ಮೇಲಿರುವ ಎಲ್ಲರಿಗೂ ಸೇರಿದ್ದು ಎಂದಿತು. ಘಟನೆ ನಡೆದು ಎರಡು ವರ್ಷ ತುಂಬುವ ಮೊದಲೇ ಕೊನೆಯ ತೀರ್ಪು ಬಂದಿತ್ತು.

ನಮ್ಮ ಸೀಮೆಯ ವಾಚಾತಿಗೆ ಆ ಭಾಗ್ಯ ಇರಲಿಲ್ಲ. ಕೃಷ್ಣಗಿರಿ ಪ್ರತ್ಯೇಕ ಜಿಲ್ಲೆಯಾದದ್ದು 2004ರಲ್ಲಿ. ಅದಕ್ಕೆ ಮೊದಲು ಹೊಸೂರು, ಡೆಂಕಣಿಕೋಟೆ, ಕೃಷ್ಣಗಿರಿ, ಹರೂರು ಎಲ್ಲವೂ ಧರ್ಮಪುರಿ ಜಿಲ್ಲೆಯಲ್ಲೇ ಇದ್ದವು. ಹರೂರು ತಾಲ್ಲೂಕಿನ ವಾಚಾತಿ ಎಂಬ ಬುಡಕಟ್ಟು ಜನರ ಹಳ್ಳಿಗೆ 1992ರ ಜೂನ್ 20ರಂದು ಅರಣ್ಯ, ಪೊಲೀಸ್, ಕಂದಾಯ ಇಲಾಖೆಗಳವರು ಗಂಧದ ಮರ ಹುಡುಕುವ ನೆಪದಲ್ಲಿ ನುಗ್ಗಿದರು. ಊರವರನ್ನು ಆಲದ ಮರದ ಕೆಳಗೆ ಕೂಡಿಹಾಕಿ, 18 ಹೆಣ್ಣುಮಕ್ಕಳನ್ನು ಬೇರೆ ಮಾಡಿ ಕೆರೆಯ ಕಡೆಗೆ ಕರೆದೊಯ್ದು ಅತ್ಯಾಚಾರ ಮಾಡಿದರು. ಅವರಲ್ಲಿ ಬಾಲಕಿಯೂ ಇದ್ದಳು. ಮನೆಗಳನ್ನು ಕೆಡವಿದರು. ನೊಂದ ಹೆಂಗಸರನ್ನೇ ಜೈಲಿಗೆ ಹಾಕಿದರು.

ಸರ್ಕಾರ ಇಡೀ ಘಟನೆಯನ್ನೇ ಅಲ್ಲಗಳೆಯಿತು. ತಮಿಳುನಾಡು ಬುಡಕಟ್ಟು ಜನರ ಸಂಘ, ಸಿಪಿಎಂ ಪಕ್ಷ ಮತ್ತು ಅವರ ಜೊತೆ ನಿಂತ ವಕೀಲರು ಹೈಕೋರ್ಟಿನ ಬಾಗಿಲು ತಟ್ಟಿದ್ದರಿಂದ 1995ರಲ್ಲಿ ತನಿಖೆ ಸಿಬಿಐ ಕೈಗೆ ಹೋಯಿತು. ಆರೋಪಿಗಳು 269 ಮಂದಿ. 2011ರ ಸೆಪ್ಟೆಂಬರ್ 29ರಂದು ಧರ್ಮಪುರಿ ನ್ಯಾಯಾಲಯ ತೀರ್ಪು ಕೊಡುವಷ್ಟರಲ್ಲಿ ಅವರಲ್ಲಿ 54 ಮಂದಿ ಸತ್ತಿದ್ದರು. ಉಳಿದ 215 ಮಂದಿಗೂ ಶಿಕ್ಷೆಯಾಯಿತು. ಹನ್ನೆರಡು ವರ್ಷಗಳ ಮೇಲೆ, 2023ರ ಸೆಪ್ಟೆಂಬರ್ 29ರಂದು ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಪಿ. ವೇಲ್ಮುರುಗನ್ ಆ ಶಿಕ್ಷೆಯನ್ನು ಖಾಯಂ ಮಾಡಿದರು. ತೀರ್ಪಿಗೆ ಮೊದಲು ಅವರು ತಾವೇ ಆ ಊರಿಗೆ ಹೋಗಿ ನೋಡಿ ಬಂದಿದ್ದರು.

ಆ ತೀರ್ಪಿನ ಪರಿಹಾರದ ಭಾಗ ನಮ್ಮ ವಿಷಯಕ್ಕೆ ತುಂಬ ಮುಖ್ಯ. ಅತ್ಯಾಚಾರಕ್ಕೊಳಗಾದ 18 ಮಂದಿಗೆ ತಲಾ ಹತ್ತು ಲಕ್ಷ ರೂಪಾಯಿಯನ್ನು ಸರ್ಕಾರ ಕೊಡಬೇಕು. ಅದರಲ್ಲಿ ಅರ್ಧವನ್ನು ಅತ್ಯಾಚಾರದ ಅಪರಾಧಿಗಳಿಂದ ವಸೂಲು ಮಾಡಬೇಕು. ಅಂದಿನ ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ಅರಣ್ಯಾಧಿಕಾರಿಗಳ ಮೇಲೂ ಕ್ರಮ ಕೈಗೊಳ್ಳಬೇಕು. ಅಪರಾಧಿಯ ಹೊಣೆ ಬೇರೆ, ಅವನನ್ನು ಕಳಿಸಿದ ಇಲಾಖೆಯ ಹೊಣೆ ಬೇರೆ, ಕಂಡೂ ಕಾಣದಂತಿದ್ದ ಮೇಲಧಿಕಾರಿಯ ಹೊಣೆ ಬೇರೆ ಎಂದು ಮೂರನ್ನೂ ಒಂದೇ ತೀರ್ಪು ಗುರುತಿಸಿತು. ಅಷ್ಟು ಹೇಳಿಸಲು 31 ವರ್ಷ ಬೇಕಾಯಿತು.

ಕರ್ನಾಟಕದ ಗಡಿಯ ಜನರಿಗೂ ಇಂಥ ಅನುಭವವಿದೆ. ವೀರಪ್ಪನ್ ಬೇಟೆಯ ಹೆಸರಿನಲ್ಲಿ ಎರಡೂ ರಾಜ್ಯಗಳ ವಿಶೇಷ ಕಾರ್ಯಪಡೆಗಳು ನಡೆಸಿದ ಚಿತ್ರಹಿಂಸೆ, ಲೈಂಗಿಕ ದೌರ್ಜನ್ಯಗಳ ದೂರುಗಳನ್ನು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ವಿಚಾರಿಸಿತು. 2007ರಲ್ಲಿ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 89 ಮಂದಿಗೆ ಒಟ್ಟು 2.80 ಕೋಟಿ ರೂಪಾಯಿ ಪರಿಹಾರ ಶಿಫಾರಸು ಮಾಡಿತು.

ವಕೀಲರು ಹುಡುಕುವ ಕಾಗದಗಳು

ಸಂಸ್ಥೆಯ ವಿರುದ್ಧದ ಪ್ರಕರಣ ನಿಲ್ಲುವುದು ಕಾಗದಗಳ ಮೇಲೆ. ಮೇಲೆ ಹೇಳಿದಂಥ ಶಿಬಿರವನ್ನೇ ತೆಗೆದುಕೊಳ್ಳಿ. ಮಕ್ಕಳ ಮನೆಗೆ ಬಂದ ಸುತ್ತೋಲೆಗೆ ಯಾರ ಸಹಿ ಇದೆ? ಶಿಬಿರಕ್ಕೆ ದುಡ್ಡು ಕಟ್ಟಿಸಿಕೊಂಡಿದ್ದರೆ ರಸೀದಿ ಯಾರ ಹೆಸರಿನಲ್ಲಿದೆ? ತರಬೇತಿ ಕೊಡಲು ಬಂದವನ ಗುರುತಿನ ಚೀಟಿಯನ್ನು ನೋಡಿದವರು ಯಾರು? ಎನ್‌ಸಿಸಿ ಕಚೇರಿಗೆ ಒಂದು ಫೋನ್ ಮಾಡಿ ವಿಚಾರಿಸಿದರೇ? ರಾತ್ರಿ ಹುಡುಗಿಯರ ಜೊತೆ ಯಾವ ಶಿಕ್ಷಕಿ ಮಲಗಿದ್ದರು, ಅವರ ಹೆಸರು ಹಾಜರಿ ಪುಸ್ತಕದಲ್ಲಿದೆಯೇ? ಸಭಾಂಗಣದ ಬಾಗಿಲಿನ ಬೀಗದ ಕೈ ಯಾರ ಬಳಿ ಇತ್ತು? ಮಗು ಮೊದಲು ಹೇಳಿಕೊಂಡದ್ದು ಯಾರ ಹತ್ತಿರ, ಅವರು ಯಾವ ದಿನ ಯಾರಿಗೆ ತಿಳಿಸಿದರು?

ಒಂದೊಂದು ಪ್ರಶ್ನೆಗೂ ಒಂದೊಂದು ದಾಖಲೆ ಬೇಕು. ಸಿಸಿಟಿವಿ ದೃಶ್ಯಗಳು ಕೆಲವೇ ವಾರಗಳಲ್ಲಿ ಅಳಿಸಿಹೋಗಬಹುದು. ಆದ್ದರಿಂದ ಅನುಭವಿ ವಕೀಲರು ಮೊದಲು ಮಾಡುವ ಕೆಲಸ ದಾಖಲೆ ಕಾಪಾಡಿಡುವಂತೆ ಸಂಸ್ಥೆಗೆ ನೋಟಿಸು ಕಳಿಸುವುದು. ಅಂಥ ನೋಟಿಸು ಕೈಸೇರಿದ ಮೇಲೂ ದಾಖಲೆ ಕಾಣೆಯಾದರೆ ನ್ಯಾಯಾಲಯ ಅದನ್ನು ಸಂಸ್ಥೆಯ ವಿರುದ್ಧವೇ ಎಣಿಸಬಹುದು.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ ಪೋಕ್ಸೊ ಕಾಯ್ದೆ ಇಲ್ಲಿ ಬಲವಾದ ಆಧಾರ. ಮಗುವಿನ ಮೇಲೆ ದೌರ್ಜನ್ಯವಾಗಿದೆ ಎಂದು ತಿಳಿದ ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ತನ್ನ ಕೈಕೆಳಗಿನವರ ತಪ್ಪನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ 21ನೇ ಕಲಮಿನಡಿ ಒಂದು ವರ್ಷದವರೆಗೆ ಜೈಲು. ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಮಾಧ್ಯಮದಲ್ಲಿ ಬಯಲು ಮಾಡಬಾರದು ಎಂದು 23ನೇ ಕಲಮು ಹೇಳುತ್ತದೆ. ಈ ಅಧ್ಯಾಯದಲ್ಲಿ ಶಾಲೆಯ ಹೆಸರು ಇಲ್ಲದಿರುವುದು ಅದಕ್ಕಾಗಿಯೇ. ಪೋಕ್ಸೊ ವಿಶೇಷ ನ್ಯಾಯಾಲಯದಲ್ಲಿ ಎದುರು ಪಕ್ಷದ ವಕೀಲರು ಮಗುವನ್ನು ನೇರವಾಗಿ ಪ್ರಶ್ನಿಸುವಂತಿಲ್ಲ. ನ್ಯಾಯಾಧೀಶರ ಮೂಲಕವೇ ಕೇಳಬೇಕು.

ತಳಿ, ಡೆಂಕಣಿಕೋಟೆ, ಹೊಸೂರು ಕಡೆಯ ಕನ್ನಡ ಮನೆಗಳವರು ಇನ್ನೊಂದು ಸಂಗತಿಯನ್ನು ನೆನಪಿಡಬೇಕು. ಪೊಲೀಸ್ ಠಾಣೆಯ ಬರಹ ತಮಿಳಿನಲ್ಲಿರುತ್ತದೆ. ಮಗುವಿಗೆ ಆ ಭಾಷೆ ತಿಳಿಯದಿದ್ದರೆ ಅನುವಾದಕರನ್ನು ಒದಗಿಸಬೇಕೆಂದು ಪೋಕ್ಸೊ ಕಾಯ್ದೆಯೇ ಹೇಳುತ್ತದೆ. ಮಗು ಕನ್ನಡದಲ್ಲಿ ಹೇಳಿದ್ದು ತಮಿಳಿನಲ್ಲಿ ಸರಿಯಾಗಿ ಬಂದಿದೆಯೇ ಎಂದು ಓದಿಸಿ ಕೇಳದೆ ಸಹಿ ಹಾಕಬೇಡಿ. ಹೇಳಿಕೆಯ ಸಣ್ಣ ವ್ಯತ್ಯಾಸವೂ ಮುಂದೆ ಪಾಟೀ ಸವಾಲಿನಲ್ಲಿ ದೊಡ್ಡದಾಗುತ್ತದೆ.

ಕಾರ್ಖಾನೆ, ಹಾಸ್ಟೆಲ್, ಕಂಪನಿ ಬಸ್ಸು

ಹೊಸೂರಿನ ಕೈಗಾರಿಕಾ ವಸಾಹತುಗಳಿಗೆ ಇಂದು ಒಡಿಶಾ, ಜಾರ್ಖಂಡ್‌ಗಳಿಂದಲೂ ಹೆಣ್ಣುಮಕ್ಕಳು ದುಡಿಯಲು ಬರುತ್ತಿದ್ದಾರೆ. ಕೆಲಸ, ಊಟ, ಹಾಸ್ಟೆಲ್, ಬಸ್ಸು ಎಲ್ಲವೂ ಕಂಪನಿಯದೇ. 2025ರ ನವೆಂಬರಿನಲ್ಲಿ ಹೊಸೂರು ಬಳಿಯ ಇಂಥದೊಂದು ಹಾಸ್ಟೆಲಿನ ಸ್ನಾನದ ಮನೆಯಲ್ಲಿ ಗುಪ್ತ ಕ್ಯಾಮೆರಾ ಸಿಕ್ಕಿ, ಸಾವಿರಾರು ಕೆಲಸಗಾರ್ತಿಯರು ಬೀದಿಗಿಳಿದು ಪ್ರತಿಭಟಿಸಿದರು.

2013ರ ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆ ಕಾಯ್ದೆ ಗುತ್ತಿಗೆ ಕೆಲಸಗಾರ್ತಿಯರಿಗೂ ಅನ್ವಯ. ಕಂಪನಿ ಬಸ್ಸೂ ಕಾಯ್ದೆಯ ಕಣ್ಣಿಗೆ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಮಹಿಳೆಯ ಅಧ್ಯಕ್ಷತೆಯಲ್ಲಿ ದೂರು ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರು ಇರಬೇಕು. ಸಮಿತಿ ಮಾಡದ ಮಾಲೀಕನಿಗೆ 50,000 ರೂಪಾಯಿವರೆಗೆ ದಂಡ. ದೂರನ್ನು ಮೂರು ತಿಂಗಳೊಳಗೆ ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಧಿ ಕೊಡಬಹುದು.

ಸಿವಿಲ್ ದಾವೆ ಏಕೆ ಅಪರೂಪ?

ಮೊದಲನೆಯದು ಖರ್ಚು. ತಮಿಳುನಾಡಿನಲ್ಲಿ ಹಣದ ದಾವೆಗೆ ಕೋರ್ಟು ಶುಲ್ಕ ಮೊದಲು ಶೇಕಡ 7.5 ಇತ್ತು, 2017ರಲ್ಲಿ ಅದನ್ನು ಶೇಕಡ 3ಕ್ಕೆ ಇಳಿಸಿದರು. ಹತ್ತು ಲಕ್ಷ ಕೇಳುವವರು ಆರಂಭದಲ್ಲೇ 30,000 ಕಟ್ಟಬೇಕು. ಕಟ್ಟಲಾಗದವರು ನಿರ್ಗತಿಕರೆಂದು ಅರ್ಜಿ ಹಾಕಿ ವಿನಾಯಿತಿ ಕೇಳಬಹುದು. ಎರಡನೆಯದು ವಕೀಲರ ಶುಲ್ಕದ ಪದ್ಧತಿ. ಅಮೆರಿಕದಲ್ಲಿ ಗೆದ್ದರೆ ಪಾಲು, ಸೋತರೆ ಏನಿಲ್ಲ ಎಂಬ ಕರಾರಿನ ಮೇಲೆ ವಕೀಲರು ಬಡವರ ದಾವೆಯನ್ನೂ ಹಿಡಿಯುತ್ತಾರೆ. ನಮ್ಮ ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ. ಮೂರನೆಯದು ಅವಧಿ. ಇಂಥ ದಾವೆಗಳಿಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು. ಮಗುವಾಗಿದ್ದಾಗ ನಡೆದದ್ದಾದರೆ 18 ತುಂಬಿದ ಮೇಲೆ ಈ ಮೂರು ವರ್ಷದ ಎಣಿಕೆ ಶುರುವಾಗುತ್ತದೆ. ನೋವನ್ನು ಬಾಯಿಬಿಟ್ಟು ಹೇಳಲು ಹತ್ತಿಪ್ಪತ್ತು ವರ್ಷ ಹಿಡಿಯುವವರಿಗೆ 21ನೇ ವಯಸ್ಸಿನ ಗಡಿ ತೀರ ಹತ್ತಿರದ್ದು. ನ್ಯೂಯಾರ್ಕ್ ರಾಜ್ಯ 2019ರಲ್ಲಿ ಕಾನೂನು ತಿದ್ದಿ ಹಳೆಯ ಪ್ರಕರಣಗಳಿಗೂ ಬಾಗಿಲು ತೆರೆಯಿತು. ನಮ್ಮಲ್ಲೂ ಈ ತಿದ್ದುಪಡಿ ಆಗಲೇಬೇಕು.

ನಾಲ್ಕನೆಯದು ಮನೆಯೊಳಗಿನ ಮಾತು: "ಮಾನಕ್ಕೆ ಬೆಲೆ ಕಟ್ಟಿಸ್ಕೊಂಡ್ರು ಅಂತಾರೆ." ಈ ಮಾತಿಗೆ ಹೆದರಿ ಎಷ್ಟೋ ಹೆತ್ತವರು ಹಿಂದೆ ಸರಿಯುತ್ತಾರೆ. ಊರ ಹಿರಿಯರು ಕೂತು ಹಣ ಕೊಟ್ಟು ಬಾಯಿ ಮುಚ್ಚಿಸುವ ರಾಜಿ ಪಂಚಾಯ್ತಿಯಲ್ಲಿ ತಪ್ಪು ಮುಚ್ಚಿಹೋಗುತ್ತದೆ. ಪೋಕ್ಸೊ ಪ್ರಕರಣದಲ್ಲಿ ಅಂಥ ರಾಜಿಗೆ ಕಾನೂನಿನ ಬೆಲೆಯೂ ಇಲ್ಲ. ನ್ಯಾಯಾಲಯ ಕೊಡಿಸುವ ಪರಿಹಾರದಲ್ಲಿ ತಪ್ಪು ದಾಖಲಾಗುತ್ತದೆ. ಮಗುವಿನ ಚಿಕಿತ್ಸೆ, ಕೌನ್ಸೆಲಿಂಗ್, ನಿಂತುಹೋದ ಓದು, ಬದಲಿಸಬೇಕಾಗಿ ಬಂದ ಮನೆ ಎಲ್ಲಕ್ಕೂ ಖರ್ಚಿದೆ. ಆ ಖರ್ಚನ್ನು ನೊಂದವರೇ ಹೊರಬೇಕೆಂಬುದು ಯಾವ ನ್ಯಾಯ?

ಇಂದೇ ಮಾಡಬಹುದಾದದ್ದು

ಹೆಂಗಸರಿಗೆ, ಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಲ್ಲಿದೆ. ಕೃಷ್ಣಗಿರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಬಹುದು ಅಥವಾ 15100ಕ್ಕೆ ಕರೆ ಮಾಡಬಹುದು. ಮಕ್ಕಳ ವಿಷಯಕ್ಕೆ 1098, ಮಹಿಳೆಯರಿಗೆ 181. ಸರ್ಕಾರಿ ವಕೀಲರ ಜೊತೆಗೆ ನಿಮ್ಮ ಪರವಾಗಿ ಇನ್ನೊಬ್ಬ ವಕೀಲರನ್ನು ಇಟ್ಟುಕೊಳ್ಳುವ ಹಕ್ಕು ಪೋಕ್ಸೊ ಕಾಯ್ದೆಯ 40ನೇ ಕಲಮಿನಲ್ಲಿದೆ. ತೀರ್ಪಿಗಾಗಿ ಕಾಯದೆ ಮಧ್ಯಂತರ ಪರಿಹಾರ ಕೇಳಬಹುದು. ವಿಶೇಷ ನ್ಯಾಯಾಲಯ ಆದೇಶಿಸಿದ ಹಣವನ್ನು ರಾಜ್ಯ ಸರ್ಕಾರ 30 ದಿನದೊಳಗೆ ಕೊಡಬೇಕು. ಹೀಗೆ ಹಣ ಪಡೆದವರು ಸಂಸ್ಥೆಯ ಮೇಲೆ ದಾವೆ ಹೂಡುವ ವಿಚಾರವನ್ನು ಅಲ್ಲಿಗೇ ಬಿಡಬೇಕಾಗಿಲ್ಲ, ವಕೀಲರ ಹತ್ತಿರ ಚರ್ಚಿಸಿ.

ಒಬ್ಬ ಅಪರಾಧಿಯನ್ನು ಜೈಲಿಗೆ ಕಳಿಸಿದರೆ ಅವನೊಬ್ಬ ನಿಲ್ಲುತ್ತಾನೆ. ಅವನನ್ನು ವಿಚಾರಿಸದೆ ಒಳಗೆ ಬಿಟ್ಟ, ದೂರು ಬಂದಾಗ ಮುಚ್ಚಿಟ್ಟ ಆಡಳಿತ ಮಂಡಳಿ ಹಾಗೇ ಉಳಿದರೆ ಇನ್ನೊಬ್ಬನಿಗೆ ಅದೇ ಬಾಗಿಲು ತೆರೆದಿರುತ್ತದೆ. ಮಕ್ಕಳ ಸುರಕ್ಷತೆಗೆ ಖರ್ಚು ಮಾಡುವುದಕ್ಕಿಂತ ಅದನ್ನು ಕಡೆಗಣಿಸುವುದೇ ದುಬಾರಿ ಎಂದು ಪ್ರತಿಯೊಂದು ಶಾಲೆಗೂ, ಕಾರ್ಖಾನೆಗೂ, ಇಲಾಖೆಗೂ ಗೊತ್ತಾಗಬೇಕು. ಅದನ್ನು ಗೊತ್ತುಪಡಿಸುವ ವಕೀಲರು ಹೊಸೂರು, ಕೃಷ್ಣಗಿರಿಯ ನ್ಯಾಯಾಲಯಗಳಲ್ಲಿ ಹೆಚ್ಚಾಗಲಿ. ಅವರ ಬಳಿಗೆ ಧೈರ್ಯವಾಗಿ ಹೋಗುವ ಹೆತ್ತವರೂ ಹೆಚ್ಚಾಗಲಿ.